ಪ್ರವಾಸದ ಪಟ್ಟಿಯಲ್ಲಿ ಇಲ್ಲದ ಹೆಸರುಗಳು

ನಾನು ಬೇಲೂರಿನ ದೇವಸ್ಥಾನವನ್ನು ಮೊದಲ ಸಲ ನೋಡಿದ್ದು ಇಪ್ಪತ್ತಾರನೇ ವಯಸ್ಸಿನಲ್ಲಿ, ಮೇಷ್ಟ್ರಾಗಿ, ನಲವತ್ತು ಮಕ್ಕಳನ್ನು ಕರೆದುಕೊಂಡು ಹೋದಾಗ. ಸಕಲೇಶಪುರದಿಂದ ಬೇಲೂರಿಗೆ ಬಸ್ಸಿನಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆ. ಆ ದಾರಿ ಸವೆಸಲು ನನಗೆ ಹದಿನಾಲ್ಕು ವರ್ಷ ಹಿಡಿಯಿತು.

1980ರ ಡಿಸೆಂಬರ್. ನಾನಾಗ ಏಳನೇ ಕ್ಲಾಸು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಒಂದೇ ದಿನದ ಪ್ರವಾಸ, ತಲೆಗೆ ಹನ್ನೆರಡು ರೂಪಾಯಿ. ಅಪ್ಪ ಅಮ್ಮ ಇಬ್ಬರೂ ಕಾಫಿ ತೋಟದಲ್ಲಿ ಕೂಲಿಗೆ ಹೋಗುತ್ತಿದ್ದರು. ನಾವಿದ್ದದ್ದು ಲೈನ್ ಮನೆಯಲ್ಲಿ. ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿ, "ಈ ಬಟವಾಡೆಗೆ ಆಗಲ್ಲ ಕಣೋ, ಮುಂದಿನ ವರ್ಷ ಹೋಗುವಿಯಂತೆ" ಅಂದಳು. ಮುಂದಿನ ವರ್ಷ ನಾನು ಆ ಶಾಲೆಯಲ್ಲಿರುವುದಿಲ್ಲ ಎನ್ನುವುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮರುದಿನ ಮೇಷ್ಟ್ರು ದುಡ್ಡು ಕೊಟ್ಟವರ ಹೆಸರು ಓದಿದರು. ಆಮೇಲೆ ಕೊಡದವರ ಹೆಸರು ಓದಿ ಕಾರಣ ಕೇಳಿದರು. ನಾನು ಎದ್ದು ನಿಂತು, "ನಂಗೆ ಬಸ್ಸಲ್ಲಿ ವಾಂತಿ ಬರುತ್ತೆ ಸಾರ್" ಅಂದೆ. ಅಲ್ಲಿಯವರೆಗೆ ನಾನು ದೂರದ ಬಸ್ ಪ್ರಯಾಣ ಮಾಡಿದವನೇ ಅಲ್ಲ.

ಇದನ್ನು ಬರೆಯಲು ಕಾರಣ ಆ ಸುಳ್ಳಲ್ಲ. 1994ರಲ್ಲಿ ಅದೇ ಪ್ರವಾಸಕ್ಕೆ ನಾನೇ ಮೇಷ್ಟ್ರಾಗಿ ಪಟ್ಟಿ ಓದಿದೆ. ಮೊದಲು ಕೊಟ್ಟವರ ಹೆಸರು, ಆಮೇಲೆ ಕೊಡದವರದ್ದು. ಹಾಗೆ ಓದಬಾರದೆಂದು ನನಗೆ ಹೊಳೆಯಲೇ ಇಲ್ಲ. ಪಟ್ಟಿ ಓದುವುದೆಂದರೆ ಹಾಗೆಯೇ ಎಂದುಕೊಂಡಿದ್ದೆ. ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದು ನಿಂತು, "ಬಸ್ಸಲ್ಲಿ ವಾಂತಿ ಬರುತ್ತೆ ಸಾರ್" ಅಂದಳು. ನನ್ನ ಕೈಯಲ್ಲಿದ್ದ ಹಾಳೆ ನಡುಗಿತು. ಆದರೂ ಮುಂದಿನ ಹೆಸರು ಓದಿದೆ.

ಒಂದೇ ಸುಳ್ಳು ಹದಿನಾಲ್ಕು ವರ್ಷದ ನಂತರ ಬೇರೆ ಬಾಯಲ್ಲಿ ಬರುತ್ತದೆ ಎಂದರೆ ಅದಕ್ಕೊಂದು ಚರಿತ್ರೆ ಇರಲೇಬೇಕು. ಪಾಠ ಮಾಡುವುದು ಚರಿತ್ರೆಯಾದ್ದರಿಂದ ಅದನ್ನು ಹುಡುಕುವ ಚಟ ಹತ್ತಿತು.

ಇಂದಿನ ಸಕಲೇಶಪುರ ತಾಲ್ಲೂಕು ಹಿಂದೆ ಮಂಜರಾಬಾದ್. ಟಿಪ್ಪು ಸುಲ್ತಾನ 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆ ಆ ಹೆಸರನ್ನು ಇನ್ನೂ ಉಳಿಸಿಕೊಂಡಿದೆ. 1843ರಲ್ಲಿ ಫ್ರೆಡರಿಕ್ ಗ್ರೀನ್ ಎಂಬ ಇಂಗ್ಲಿಷಿನವನು ಇಲ್ಲಿ ಕಾಫಿ ತೋಟ ಮಾಡಿದ. ಅವನ ಹಿಂದೆ ಬಂದವರಲ್ಲಿ ರಾಬರ್ಟ್ ಎಲಿಯಟ್ ಒಬ್ಬ. ಅವನು ಮೈಸೂರು ಸೀಮೆಯ ಪ್ಲಾಂಟರ್ ಬದುಕಿನ ಬಗ್ಗೆ 1871ರಲ್ಲೊಂದು, 1894ರಲ್ಲೊಂದು ಪುಸ್ತಕ ಬರೆದ. ಬಿಳಿಯರ ಜೊತೆಗೆ ಊರಿನ ಗೌಡರೂ ತೋಟ ಮಾಡಿದರು. ಕಾಡು ಕಡಿದು ಗಿಡ ನೆಟ್ಟ ಮೇಲೆ ಕೈಗಳು ಬೇಕಾದವು. ಮೇಸ್ತ್ರಿಗಳು ಮುಂಗಡ ಹಂಚಿ ಘಟ್ಟದ ಕೆಳಗಿನಿಂದ, ತುಳು ಸೀಮೆಯಿಂದ, ಆಳುಗಳನ್ನು ಕರೆತಂದರು. ನನ್ನ ತಾತ ಹಾಗೆ ಬಂದವನು. ಮುಂಗಡ ತೀರಿಸಿ ಊರಿಗೆ ಹೋಗುತ್ತೇನೆ ಎಂದು ಕೊನೆಯವರೆಗೂ ಹೇಳುತ್ತಿದ್ದನಂತೆ.

ತೋಟದ ಪಂಚಾಂಗವೇ ಬೇರೆ. ಅರೇಬಿಕಾ ಹಣ್ಣಾಗುವುದು ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾ ಜನವರಿಯಿಂದ ಮಾರ್ಚಿಯವರೆಗೆ. ಕುಯ್ಲಿನ ದಿನಗಳಲ್ಲಿ ಕೆ.ಜಿ. ಲೆಕ್ಕದಲ್ಲಿ ಕೂಲಿ, ಮನೆಯಲ್ಲಿ ಎಷ್ಟು ಕೈ ಇದೆಯೋ ಅಷ್ಟು ದುಡ್ಡು. ಈಗ ಶಾಲೆಯ ಪಂಚಾಂಗ ನೋಡಿ. ಪ್ರವಾಸ ಡಿಸೆಂಬರಿನಲ್ಲಿ, ವಾರ್ಷಿಕೋತ್ಸವ ಜನವರಿ ಅಥವಾ ಫೆಬ್ರವರಿಯಲ್ಲಿ, ಪರೀಕ್ಷೆ ಮಾರ್ಚಿನಲ್ಲಿ. ಶಾಲೆಯ ಸಂಭ್ರಮವೆಲ್ಲ ಬಂದು ಕೂರುವುದು ತೋಟಕ್ಕೆ ಮಗುವಿನ ಕೈ ಬೇಕಾದ ತಿಂಗಳುಗಳಲ್ಲೇ. ಹಣ್ಣು ಕುಯ್ಯಲು ಹೋಗದ ಮಗು ಮನೆಯಲ್ಲಿ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡು ಕೂರಬೇಕು. ಹನ್ನೆರಡು ರೂಪಾಯಿಯ ಪ್ರವಾಸಕ್ಕೆ ನಮ್ಮ ಮನೆಯಲ್ಲಿ ಬೀಳುತ್ತಿದ್ದ ಬೆಲೆ ಹನ್ನೆರಡಲ್ಲ, ಅದರ ಮೇಲೆ ಒಂದು ದಿನದ ಕುಯ್ಲು. ಈ ಲೆಕ್ಕ ಯಾವ ಸುತ್ತೋಲೆಯಲ್ಲೂ ಬರುವುದಿಲ್ಲ.

ಹಾಗಂತ ಬಡವರ ಮಕ್ಕಳ ಬಗ್ಗೆ ಯಾರೂ ಯೋಚಿಸಲಿಲ್ಲ ಎನ್ನುವಂತಿಲ್ಲ. ಘಟ್ಟದ ಕೆಳಗೆ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ಶಾಲೆ ನಡೆಸಿದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣವನ್ನು ಆಯ್ದ ಕಡೆ ಕಡ್ಡಾಯ ಮಾಡುವ ಕಾನೂನು ತಂದಿತು. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಗಿ ಹಿಂದುಳಿದವರಿಗೆ ಓದಿನಲ್ಲೂ ನೌಕರಿಯಲ್ಲೂ ಜಾಗ ಬೇಕೆಂದಿತು. ಪಟ್ಟಣಗಳಲ್ಲಿ ಜಾತಿಗೊಂದು ವಿದ್ಯಾರ್ಥಿನಿಲಯ ಎದ್ದವು. ಅದಕ್ಕೂ ಮೊದಲಿನಿಂದ ವಾರಾನ್ನವಿತ್ತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ವಾರಾನ್ನ ಉಂಡು ಓದಿ ದೊಡ್ಡವರಾದವರ ಕತೆಗಳನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಆ ಜಗಲಿ ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ ಎನ್ನುವುದನ್ನು ಕತೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ತೋಟದ ಮಕ್ಕಳ ಹೆಸರು ಕಾನೂನಿನಲ್ಲಿ ಸ್ಪಷ್ಟವಾಗಿ ಬಂದದ್ದು ಸ್ವಾತಂತ್ರ್ಯದ ನಂತರ, 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯಲ್ಲಿ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಕೂಸುಗಳಿಗೆ ಶಿಶುವಿಹಾರ ಇರಬೇಕಿತ್ತು. ಕಾರ್ಮಿಕರ ಮಕ್ಕಳಲ್ಲಿ 6ರಿಂದ 12 ವರ್ಷದವರು 25ಕ್ಕಿಂತ ಹೆಚ್ಚಿದ್ದರೆ ಮಾಲೀಕ ಶಿಕ್ಷಣದ ಸೌಲಭ್ಯ ಕೊಡಬೇಕೆಂದು ರಾಜ್ಯ ಸರ್ಕಾರ ನಿಯಮ ಮಾಡಬಹುದಿತ್ತು. ಒಳ್ಳೆಯ ಕಾಯ್ದೆಯೇ. ಆದರೆ ನಿಧಾನವಾಗಿ ಓದಿದರೆ ಅದರ ಬೇಲಿಯೂ ಕಾಣುತ್ತದೆ. ಮೊದಲಿಗೆ ಅದು ಅನ್ವಯಿಸುತ್ತಿದ್ದದ್ದು ಸುಮಾರು 25 ಎಕರೆಗಿಂತ ದೊಡ್ಡದಾದ, ಮೂವತ್ತು ಆಳುಗಳಿದ್ದ ತೋಟಕ್ಕೆ. 1981ರಲ್ಲಿ ಅದನ್ನು 5 ಹೆಕ್ಟೇರಿಗೂ ಹದಿನೈದು ಆಳಿಗೂ ಇಳಿಸಿದರು. ಹತ್ತು ಎಕರೆಯ ಸಣ್ಣ ಬೆಳೆಗಾರನ ತೋಟದ ಮಗು ಕಾನೂನಿನ ಹೊರಗಿತ್ತು. ಇಪ್ಪತ್ನಾಲ್ಕೇ ಮಕ್ಕಳಿದ್ದರೂ ಹೊರಗೆ. ಹನ್ನೆರಡು ದಾಟಿದರಂತೂ ಸರಿಯೇ ಸರಿ. ನಾನು ಎದ್ದು ನಿಂತು ಸುಳ್ಳು ಹೇಳಿದ್ದು ಹನ್ನೆರಡನೇ ವಯಸ್ಸಿನಲ್ಲಿ.

ಇನ್ನು ಊಟ. ಎಪ್ಪತ್ತರ ದಶಕದಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದವರನ್ನು ಕೇಳಿ, ಕೇರ್ ಸಂಸ್ಥೆಯ ಅಮೆರಿಕದ ಗೋಧಿಯಿಂದ ಮಾಡುತ್ತಿದ್ದ ಉಪ್ಪಿಟ್ಟಿನ ವಾಸನೆ ಅವರಿಗೆ ಇಂದಿಗೂ ನೆನಪಿರುತ್ತದೆ. ನನಗೂ ಇದೆ. ಹಸಿದ ಮಗುವಿಗೆ ಪಾಠ ಹತ್ತುವುದಿಲ್ಲ ಎನ್ನುವುದು ಎಲ್ಲ ತಾಯಂದಿರಿಗೂ ಗೊತ್ತಿದ್ದ ಸಂಗತಿ. ಅದನ್ನು ಸರ್ಕಾರಗಳು ಒಪ್ಪಿಕೊಳ್ಳಲು ಕಾಲ ಹಿಡಿಯಿತು. ಇಂಗ್ಲೆಂಡಿನಲ್ಲಿ 1906ರಲ್ಲಿ ಶಾಲಾ ಊಟದ ಕಾಯ್ದೆ ಬಂತು. ಮದರಾಸಿನ ನಗರಸಭೆ 1920ರಲ್ಲಿ ತನ್ನ ಒಂದು ಶಾಲೆಯಲ್ಲಿ ಊಟ ಹಾಕಿತು. ಕಾಮರಾಜರು 1956ರಲ್ಲಿ ಅದನ್ನು ತಮ್ಮ ರಾಜ್ಯಕ್ಕೆ ಹಬ್ಬಿಸಿದರು. ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರಿನಲ್ಲಿ ಹೇಳಿತು. ನಮ್ಮಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಹಾಸನದ ಕಡೆಗೂ ಬಂತು. ಆ ವರ್ಷ ನಮ್ಮ ಹಾಜರಿ ಪುಸ್ತಕದಲ್ಲಿ ಮಧ್ಯಾಹ್ನದ ಖಾಲಿ ಮನೆಗಳು ಕಡಿಮೆಯಾದವು. ಊಟ ಮುಗಿಸಿ ಮನೆಗೆ ಓಡುತ್ತಿದ್ದ ಮಕ್ಕಳು ಮೈದಾನದಲ್ಲಿ ಉಳಿದರು. ನಮ್ಮ ಶಾಲೆಯಲ್ಲಿ ಎರಡು ಕಬಡ್ಡಿ ತಂಡ ಕಟ್ಟಲು ಸಾಧ್ಯವಾದದ್ದು ಆಗಲೇ.

ಆಮೇಲೆ ಒಂದೊಂದೇ ಬಂದವು. ಪುಸ್ತಕ, ಸಮವಸ್ತ್ರ. 2006–07ರಿಂದ ಎಂಟನೇ ತರಗತಿಯವರಿಗೆ ಸೈಕಲ್. 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಹಾಲು. 2015–16ರಿಂದ ಶೂ ಮತ್ತು ಕಾಲುಚೀಲ. ಇವನ್ನು ಲೇವಡಿ ಮಾಡುವವರು ಬರಿಗಾಲಲ್ಲಿ ಮಲೆನಾಡಿನ ಜಿಗಣೆ ದಾರಿ ತುಳಿದು ಶಾಲೆಗೆ ಬಂದವರಲ್ಲ. ಸೈಕಲ್ ಮಾತ್ರ ನಮ್ಮ ಗುಡ್ಡದಲ್ಲಿ ಅರ್ಧ ದಾರಿ ಮಕ್ಕಳನ್ನು ಹೊತ್ತು, ಇನ್ನರ್ಧ ದಾರಿ ಮಕ್ಕಳೇ ಅದನ್ನು ತಳ್ಳುವಂತೆ ಮಾಡಿತು. ಆದರೂ ಅದನ್ನು ಬೇಡ ಅಂದ ಮಗುವನ್ನು ನಾನು ಕಂಡಿಲ್ಲ.

ಈ ಸಾಲನ್ನು ಜೋಡಿಸಿಕೊಂಡಾಗ ನನಗೆ ಒಂದು ವಿಷಯ ಹೊಳೆಯಿತು. ಇವುಗಳಲ್ಲಿ ಪ್ರತಿಯೊಂದೂ ಒಂದು ಕಾಲದಲ್ಲಿ 'ಶಾಲೆಗೆ ಸಂಬಂಧಿಸಿದ್ದಲ್ಲ' ಅನ್ನಿಸಿಕೊಂಡದ್ದೇ. ಊಟ ಮನೆಯ ವಿಷಯ, ಬಟ್ಟೆ ಮನೆಯ ವಿಷಯ, ಚಪ್ಪಲಿ ಮನೆಯ ವಿಷಯ. ಒಂದೊಂದಾಗಿ ಅವು ಬಾಗಿಲು ದಾಟಿ ಒಳಗೆ ಬಂದವು. ಸಾಲಿನ ಕೊನೆಯಲ್ಲಿ ಇನ್ನೂ ಹೊರಗೆ ನಿಂತಿರುವುದು ಆಟ, ಹಾಡು, ನಾಟಕ, ಪ್ರವಾಸ. ನಾವು ಅವಕ್ಕೆ ಇಟ್ಟ ಹೆಸರೇ ನೋಡಿ: ಪಠ್ಯೇತರ. 'ಇತರೆ' ಎಂಬ ಕಂಬದಲ್ಲಿ ಬರೆದ ಖರ್ಚನ್ನು ಬಡವನ ಮನೆ ಮೊದಲು ಹೊಡೆದು ಹಾಕುತ್ತದೆ. ಸರ್ಕಾರವೂ ಅಷ್ಟೇ.

ಕಾನೂನು ಮಾತ್ರ ಹಾಗೆ ಹೇಳುವುದಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಮೂರನೇ ಕಲಮು, ಎಲಿಮೆಂಟರಿ ಶಿಕ್ಷಣವನ್ನು ಮುಗಿಸಲು ಅಡ್ಡಿಯಾಗುವ ಯಾವ ಶುಲ್ಕವನ್ನೂ ಖರ್ಚನ್ನೂ ಮಗು ಕೊಡಬೇಕಿಲ್ಲ ಎನ್ನುತ್ತದೆ. ಅದೇ ಕಾಯ್ದೆಯ ಅನುಬಂಧ ಆಟದ ಮೈದಾನ, ಆಟದ ಸಾಮಾನು, ಗ್ರಂಥಾಲಯ ಶಾಲೆಗೆ ಇರಲೇಬೇಕು ಎನ್ನುತ್ತದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟ, ಬಿಡುವು, ಕಲೆ ಇವೆಲ್ಲ ಮಗುವಿನ ಹಕ್ಕು ಎಂದಿದೆ. 1992ರಲ್ಲಿ ಭಾರತ ಅದನ್ನು ಒಪ್ಪಿದೆ. ಶ್ರೀಮಂತ ದೇಶಗಳಲ್ಲಿ ಈ ತೊಡಕು ಇಲ್ಲವೆಂದೇನಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 2014ರ ಸುಮಾರಿಗೆ ಒಂದು ಸಂಸ್ಥೆ, ಶಾಲೆಯ ಒಂದು ದಿನಕ್ಕೆ ನಿಮಗೆಷ್ಟು ಖರ್ಚು ಎಂದು ಮಕ್ಕಳನ್ನೇ ಕೇಳುತ್ತಾ ಹೋಯಿತು. ಸಮವಸ್ತ್ರ ಇಲ್ಲದ 'ಬಣ್ಣದ ಬಟ್ಟೆ'ಯ ದಿನ, ಪ್ರವಾಸ, ಚಂದಾ ಇವೇ ಅಲ್ಲೂ ಮಕ್ಕಳನ್ನು ಮನೆಯಲ್ಲಿ ಉಳಿಸುತ್ತಿದ್ದವು. ಓದಿದಾಗ ಸಮಾಧಾನವಾಯಿತೋ ಬೇಸರವಾಯಿತೋ ಹೇಳಲಾರೆ.

ನಮ್ಮಲ್ಲಿ 2002–03ರಲ್ಲಿ ಪ್ರತಿಭಾ ಕಾರಂಜಿ ಬಂತು. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸ್ಪರ್ಧೆ. ಹಳ್ಳಿ ಮಕ್ಕಳಿಗೆ ವೇದಿಕೆ ಸಿಕ್ಕಿದ್ದು ನಿಜ. ಕತೆ ಹೇಳುವುದು, ಕಂಠಪಾಠ, ಮಣ್ಣಿನ ಮಾದರಿ ಇವಕ್ಕೆ ಖರ್ಚಿಲ್ಲ. ಇವುಗಳಲ್ಲಿ ಲೈನ್ ಮನೆ ಮಕ್ಕಳು ಗೆದ್ದು ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಜನಪದ ಗೀತೆಯಲ್ಲಂತೂ ಅಜ್ಜಿಯಿಂದ ಕಲಿತವಳ ಎದುರು ಕ್ಯಾಸೆಟ್ಟಿನಿಂದ ಕಲಿತವಳು ನಿಲ್ಲಲಾರಳು. ಆದರೆ ಛದ್ಮವೇಷದ ದಿನ ಬಂತೆಂದರೆ ಎಲ್ಲ ಬಯಲು. ಬಾಡಿಗೆಗೆ ತಂದ ಕಿರೀಟದ ಕೃಷ್ಣ ಒಂದು ಕಡೆ. ಇನ್ನೊಂದು ಕಡೆ ಅಮ್ಮನ ಹಳೇ ಸೀರೆ ಸುತ್ತಿಕೊಂಡು, ತಲೆಗೆ ಬುಟ್ಟಿ ಇಟ್ಟು 'ಕೂಲಿ ಹೆಂಗಸು' ಆದ ಹುಡುಗಿ. ಆ ಹುಡುಗಿಗೆ ಅದು ವೇಷವಾಗಿರಲಿಲ್ಲ. ತೀರ್ಪುಗಾರರ ಸಾಲಿನಲ್ಲಿ ಕೂತು ಆ ವರ್ಷ ನಾನೂ ಕೃಷ್ಣನಿಗೇ ಅಂಕ ಕೊಟ್ಟೆ.

ಕ್ಲಸ್ಟರಿನಲ್ಲಿ ಗೆದ್ದರೆ ತಾಲ್ಲೂಕಿಗೆ ಹೋಗಬೇಕು, ಅಲ್ಲಿ ಗೆದ್ದರೆ ಹಾಸನಕ್ಕೆ. ಸಕಲೇಶಪುರದಿಂದ ಹಾಸನ ನಲವತ್ತು ಕಿಲೋಮೀಟರು. ಮಗುವಿನ ಜೊತೆ ಯಾರಾದರೂ ಹೋಗಬೇಕು. ಹೋದವರ ಒಂದು ದಿನದ ಕೂಲಿ ಹೋಯಿತು. ಗೆದ್ದದ್ದೇ ತಪ್ಪಾಯಿತು ಅನ್ನುವಂತೆ ಮುಖ ಮಾಡಿದ ತಂದೆಯಂದಿರನ್ನು ನೋಡಿದ್ದೇನೆ. ಅವರನ್ನು ಬೈಯುವ ಅಧಿಕಾರ ನನಗಿಲ್ಲ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾಯಂದಿರು ಟಿಕೆಟ್ಟಿನ ಚಿಂತೆ ಇಲ್ಲದೆ ಮಗಳ ಜೊತೆ ಬರುತ್ತಾರೆ. ಬಸ್ಸು ಇರುವ ಊರಿನವರು, ಅಷ್ಟೆ.

ಆಲೂರು ಕಡೆಗೆ ವರ್ಗವಾಗಿ ಬಂದ ಮೇಲೆ ನನಗೆ ಇನ್ನೊಂದು ಬೆಲೆ ಗೊತ್ತಾಯಿತು. ಅದು ಆನೆ. 1979ರಲ್ಲಿ ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಮುಗಿಯಿತು. ಹೊಲ ಮನೆ ಮುಳುಗಿದವರಿಗೆ ಈ ಕಡೆಯ ಕಾಡಿನ ಜಾಗಗಳಲ್ಲಿ ಭೂಮಿ ಕೊಟ್ಟರು. ಕಾಡು ತುಂಡು ತುಂಡಾಯಿತು, ಆನೆಗಳು ತೋಟದಲ್ಲೇ ಬೀಡುಬಿಟ್ಟವು. 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ಬೇರೆ ಆನೆಗಳು ಬಂದವು. ವಾರ್ಷಿಕೋತ್ಸವಕ್ಕೆ ನಾಟಕ ಮಾಡಿಸಬೇಕೆಂದರೆ ಅಭ್ಯಾಸ ಸಂಜೆ ನಾಲ್ಕೂವರೆಯ ನಂತರ. ರಸ್ತೆ ಬದಿಯ ಮನೆಯ ಮಕ್ಕಳನ್ನು ಅಪ್ಪ ಬೈಕಿನಲ್ಲಿ ಬಂದು ಕರೆದೊಯ್ಯುತ್ತಾನೆ. ತೋಟದೊಳಗೆ ಎರಡು ಮೈಲಿ ನಡೆಯಬೇಕಾದ ಹುಡುಗಿ ಕತ್ತಲಾಗುವ ಮೊದಲೇ ಮನೆ ಸೇರಬೇಕು. ನಾಟಕದಲ್ಲಿ ರಾಣಿಯ ಪಾತ್ರ ಯಾರಿಗೆ ಸಿಗುತ್ತದೆ ಎನ್ನುವುದನ್ನು ಪ್ರತಿಭೆ ತೀರ್ಮಾನಿಸುತ್ತಿರಲಿಲ್ಲ, ಮನೆ ಎಲ್ಲಿದೆ ಎನ್ನುವುದು ತೀರ್ಮಾನಿಸುತ್ತಿತ್ತು. ನಾಲ್ಕು ವರ್ಷ ನಾಟಕ ಮಾಡಿಸಿದ ಮೇಲಷ್ಟೇ ಇದು ನನ್ನ ಗಮನಕ್ಕೆ ಬಂತು. ಮೈಕಿನ ಮುಂದೆ ನಿಂತವರು ಯಾವಾಗಲೂ ಅದೇ ಆರು ಮನೆಗಳ ಮಕ್ಕಳು.

ಆಗ ನನಗೆ ನೆನಪಾದದ್ದು ನಮ್ಮದೇ ತಾಲ್ಲೂಕಿನ ಒಂದು ಉದಾಹರಣೆ. ಸಕಲೇಶಪುರದ ಹತ್ತಿರ ರಕ್ಷಿದಿ ಬಳಿಯ ಬೆಳ್ಳೇಕೆರೆಯಲ್ಲಿ ಪ್ರಸಾದ್ ರಕ್ಷಿದಿ ಮತ್ತು ಗೆಳೆಯರು ತೋಟದ ಕೂಲಿಕಾರರನ್ನೂ ರೈತರನ್ನೂ ಸೇರಿಸಿಕೊಂಡು ವರ್ಷಗಟ್ಟಲೆ ನಾಟಕ ಆಡಿದರು. ಆ ಅನುಭವವನ್ನು ಅವರು 'ಬೆಳ್ಳೇಕೆರೆ ಹಳ್ಳಿ ಥೇಟರ್' ಎಂಬ ಪುಸ್ತಕವಾಗಿ ಬರೆದಿದ್ದಾರೆ. ಮಲೆನಾಡಿನ ಬದುಕಿನ ಬಗ್ಗೆ ಆಸಕ್ತಿ ಇರುವ ವಿದ್ಯಾರ್ಥಿಗಳು ಓದಲೇಬೇಕಾದ ಪುಸ್ತಕ ಅದು. ನನಗೆ ಅದರಿಂದ ಸಿಕ್ಕ ಪಾಠ ಒಂದೇ. ದುಡಿದು ಬಂದವನಿಗೆ ಬಿಡುವು ಯಾವಾಗಲೋ ನಾಟಕದ ಹೊತ್ತೂ ಆಗಲೇ ಆಗಬೇಕು. ಜನರನ್ನು ನಾಟಕದ ಹತ್ತಿರ ಎಳೆಯುವ ಬದಲು ನಾಟಕವನ್ನು ಜನರ ಹತ್ತಿರ ತರಬೇಕು.

ನಾವು ಮಾಡಿದ್ದು ದೊಡ್ಡದೇನಲ್ಲ. ಶಾಲಾಭಿವೃದ್ಧಿ ಸಮಿತಿಯವರನ್ನು ಕೂರಿಸಿಕೊಂಡು ಅಭ್ಯಾಸವನ್ನು ಮಧ್ಯಾಹ್ನದ ಊಟದ ನಂತರಕ್ಕೆ ತಂದೆವು. ವಾರ್ಷಿಕೋತ್ಸವವನ್ನು ಕುಯ್ಲಿಗೆ ಮುಂಚೆ, ಅಕ್ಟೋಬರಿನಲ್ಲಿ, ಹಗಲು ಹೊತ್ತಿನಲ್ಲಿ ಇಟ್ಟೆವು. ದೀಪದ ಅಲಂಕಾರ ಇಲ್ಲವೆಂದು ಕೆಲವರು ಗೊಣಗಿದರು. ವೇಷಕ್ಕೆಂದು ಶಾಲೆಯಲ್ಲೇ ಒಂದು ಟ್ರಂಕು ಇಟ್ಟೆವು. ಊರಿನವರು ಹಳೇ ಸೀರೆ, ಪಂಚೆ, ಪೇಟ, ಮದುವೆಯ ಬಾಸಿಂಗವನ್ನೂ ತಂದು ಹಾಕಿದರು. ಕೃಷ್ಣನೂ ಅದರಿಂದಲೇ, ಕೂಲಿಯವಳೂ ಅದರಿಂದಲೇ.

ಕಷ್ಟವಾದದ್ದು ಪ್ರವಾಸ. ಕೆಲವರಿಗೆ ಸರ್ಕಾರದ ಕರ್ನಾಟಕ ದರ್ಶನ ಇದೆ, ಎಲ್ಲರಿಗೂ ಇಲ್ಲ. ಒಬ್ಬ ಬೆಳೆಗಾರರು ಬಡ ಮಕ್ಕಳ ಖರ್ಚು ತಾವೇ ಕೊಡುತ್ತೇನೆ, ಸಮಾರಂಭದಲ್ಲಿ ಅವರನ್ನು ವೇದಿಕೆಗೆ ಕರೆದು ಕೊಡೋಣ ಅಂದರು. ಮನಸ್ಸು ಒಳ್ಳೆಯದೇ. ಆದರೆ ಅದು ನಾನು ಓದಿದ ಪಟ್ಟಿಯನ್ನೇ ಮೈಕಿನಲ್ಲಿ ಓದಿದ ಹಾಗೆ. ಹೇಗೆ ಹೇಳುವುದೆಂದು ತೋಚದೆ ಕೂತಿದ್ದಾಗ ಸಮಿತಿಯ ಹೆಂಗಸೊಬ್ಬರು, "ಮೇಷ್ಟ್ರೇ, ಮುಯ್ಯಾಳು ಅನ್ನಿ, ಎಲ್ಲರಿಗೂ ತಿಳೀತದೆ" ಅಂದರು.

ಮಲೆನಾಡಿನವರಿಗೆ ಮುಯ್ಯಾಳು ವಿವರಿಸಬೇಕಿಲ್ಲ. ನಾಟಿಗೆ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅದರಲ್ಲಿ ಕೊಡುವವನು ಮೇಲಲ್ಲ, ಪಡೆಯುವವನು ಕೆಳಗಲ್ಲ. ಯಾರ ಕೈ ಯಾವಾಗ ಯಾರಿಗೆ ಬೇಕಾಗುತ್ತದೋ. ಪ್ರವಾಸಕ್ಕೆ ಒಂದು ಡಬ್ಬಿ ಇಟ್ಟೆವು. ಇದ್ದವರು ಇದ್ದಷ್ಟು ಹಾಕಿದರು, ಲಕ್ಕೋಟೆಯಲ್ಲಿ, ಹೆಸರಿಲ್ಲದೆ. ಆ ಬೆಳೆಗಾರರೂ ವೇದಿಕೆಯ ಮಾತು ಬಿಟ್ಟು ಡಬ್ಬಿಗೇ ಹಾಕಿದರು. ಒಬ್ಬರು ದಾರಿಗೆ ಚಿತ್ರಾನ್ನ ಕಟ್ಟಿಕೊಟ್ಟರು. ಒಬ್ಬ ಅಪ್ಪ ಬಂದು ಶಾಲೆಯ ಬೇಲಿ ಕಟ್ಟಿ ಹೋದ. ಪಟ್ಟಿಯಲ್ಲಿ ದುಡ್ಡಿನ ಕಂಬವನ್ನೇ ತೆಗೆದೆ. ಬರುವವರ ಹೆಸರು ಮಾತ್ರ ಉಳಿಯಿತು.

ಇದರಿಂದ ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ಸರ್ಕಾರ ಮಾಡಬೇಕಾದ ಕೆಲಸವನ್ನು ಊರಿನ ಡಬ್ಬಿ ಎಷ್ಟು ವರ್ಷ ಮಾಡೀತು? ಈಗ ನಮ್ಮ ತೋಟಗಳಿಗೆ ಅಸ್ಸಾಮಿನಿಂದ ಕೂಲಿಯವರು ಬರುತ್ತಿದ್ದಾರೆ, ಒಂದು ಕಾಲದಲ್ಲಿ ನನ್ನ ತಾತ ಬಂದ ಹಾಗೆ. ಅವರ ಒಬ್ಬ ಹುಡುಗ ಕಳೆದ ವರ್ಷ ನವೆಂಬರಿನಲ್ಲಿ ಸೇರಿದ. ಎರಡೇ ತಿಂಗಳಲ್ಲಿ ಕನ್ನಡದಲ್ಲಿ ಜಗಳ ಆಡುವಷ್ಟು ಕಲಿತ, ಕೋಲಾಟದ ಎಲ್ಲ ಹೆಜ್ಜೆಯೂ ಬಂತು. ಕುಯ್ಲು ಮುಗಿದ ಮೇಲೆ ಒಂದು ದಿನ ಬರಲಿಲ್ಲ. ಲೈನಿಗೆ ಹೋಗಿ ನೋಡಿದರೆ ಬೀಗ. ನಾವು ಹಬ್ಬವನ್ನು ಅಕ್ಟೋಬರಿಗೆ ತಂದದ್ದು ಇಲ್ಲೇ ನೆಲೆ ನಿಂತವರ ಮಕ್ಕಳಿಗಾಗಿ. ನವೆಂಬರಿನಲ್ಲಿ ಬಂದು ಮಾರ್ಚಿಯಲ್ಲಿ ಹೋಗುವವನಿಗೆ ನಮ್ಮ ಶಾಲೆಯಲ್ಲಿ ಹಬ್ಬವೇ ಇಲ್ಲವಾಗಿದೆ. ಅದನ್ನು ಸಮಿತಿಯಲ್ಲಿ ಎತ್ತಿದ್ದೇನೆ. ಜನವರಿಯಲ್ಲಿ ಒಂದು ಮಧ್ಯಾಹ್ನ ಕೋಲಾಟವಾದರೂ ಇಟ್ಟುಕೊಳ್ಳೋಣ ಎಂದು ಮಾತಾಗಿದೆ.

ಅವನ ಎರಡು ಕೋಲುಗಳು ನಮ್ಮ ಟ್ರಂಕಿನಲ್ಲಿವೆ.